ನೋವು ಬೇಗ ಹೋಗುತ್ತದೆ, ಮೂಳೆ ತಡವಾಗಿ ಬಲಿಯುತ್ತದೆ

ಮೊದಲ ಸಲ ಹೆವಿ ಬ್ಯಾಗ್‌ಗೆ (ಒದೆಯಲು ತೂಗುಹಾಕಿದ ಭಾರದ ಚೀಲಕ್ಕೆ) ಶಿನ್‌ನಿಂದ, ಅಂದರೆ ಕಣಕಾಲಿನ ಮುಂಭಾಗದಿಂದ, ಜೋರಾಗಿ ಒದ್ದವರು ಆ ನೋವನ್ನು ಮರೆಯುವುದಿಲ್ಲ. ಒಂದು ಕ್ಷಣ ಉಸಿರೇ ನಿಂತ ಹಾಗಾಗುತ್ತದೆ. ಕಾಲು ಹಿಡಿದುಕೊಂಡು ಕೂತುಬಿಡುತ್ತೇವೆ. ಪಕ್ಕದಲ್ಲಿ ಇನ್ನೊಬ್ಬರು ಅದೇ ಬ್ಯಾಗ್‌ಗೆ ಐವತ್ತು ಸಲ ಒದ್ದು, ಏನೂ ಆಗದವರ ಹಾಗೆ ನೀರು ಕುಡಿಯಲು ಹೋಗುತ್ತಾರೆ. ಹೊಸಬರಿಗೆ ಆಗ ಬರುವ ಪ್ರಶ್ನೆ ಒಂದೇ. ನನ್ನ ಶಿನ್ ಕೂಡ ಹೀಗೆ ಗಟ್ಟಿಯಾಗುವುದು ಹೇಗೆ, ಎಷ್ಟು ದಿನದಲ್ಲಿ?

ಮುಯ್ ಥಾಯ್ (ಥಾಯ್ಲೆಂಡಿನ ಬಾಕ್ಸಿಂಗ್), ಕಿಕ್ ಬಾಕ್ಸಿಂಗ್, ಕ್ಯೋಕುಶಿನ್ ಕರಾಟೆ, ಎಂಎಂಎ (ಹಲವು ಕಾದಾಟದ ಕಲೆಗಳು ಬೆರೆತದ್ದು) ಕಲಿಯುವ ಎಲ್ಲರೂ ಈ ಪ್ರಶ್ನೆ ಕೇಳಿದವರೇ. ಇದಕ್ಕೆ ಸಿಗುವ ಉತ್ತರಗಳಲ್ಲಿ ಅರ್ಧದಷ್ಟು ಕಾಲಿಗೆ ಕೆಡುಕು ಮಾಡುವಂಥವು. ಶಿನ್ ಮೇಲೆ ಬಾಟಲಿ ಉರುಳಿಸು, ಕೋಲಿನಿಂದ ತಟ್ಟು, ಕಂಬಕ್ಕೆ ಒದೆ, ನರ ಸತ್ತರೆ ಸರಿಹೋಗುತ್ತದೆ ಎಂದೆಲ್ಲ ಹೇಳುತ್ತಾರೆ. ಹೀಗೆ ಮಾಡಿ ಕಾಲು ಕೆಡಿಸಿಕೊಂಡವರನ್ನು ನೋಡಿದ್ದೇನೆ. ಅದಕ್ಕೇ ಒಳಗೆ ನಿಜವಾಗಿ ಏನು ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಶಿನ್ ಇಷ್ಟು ನೋಯುವುದು ಯಾಕೆ ಎಂದು ನೋಡೋಣ. ಮಂಡಿಯಿಂದ ಕಾಲಿನ ಗಿಣ್ಣಿನವರೆಗಿನ ಭಾಗ ಕಣಕಾಲು. ಅಲ್ಲಿ ಎರಡು ಮೂಳೆಗಳಿವೆ. ದಪ್ಪಗಿರುವುದು ಟಿಬಿಯಾ, ಹೊರಬದಿಯಲ್ಲಿ ತೆಳ್ಳಗಿರುವುದು ಫಿಬುಲಾ. ಒದೆಯುವಾಗ ಪೆಟ್ಟು ತಿನ್ನುವುದು ಹೆಚ್ಚಾಗಿ ಟಿಬಿಯಾ. ಈಗ ಕಣಕಾಲಿನ ಮುಂಭಾಗದಲ್ಲಿ ಒಳಮೈ ಕಡೆ ಬೆರಳಿಟ್ಟು ಮೇಲಿಂದ ಕೆಳಗೆ ಸವರಿ ನೋಡಿ. ನೇರ ಮೂಳೆಯೇ ಸಿಗುತ್ತದೆ, ಅಲ್ವಾ? ತೊಡೆಯ ಮೂಳೆಗೆ ಸುತ್ತ ದಪ್ಪ ಮಾಂಸವಿದೆ. ಇಲ್ಲಿ ಬರೀ ಚರ್ಮ. ಅದರ ಕೆಳಗೆ ಮೂಳೆಗೆ ಅಂಟಿಕೊಂಡು ಪೆರಿಯಾಸ್ಟಿಯಂ ಎಂಬ ತೆಳುವಾದ ಪೊರೆ ಇದೆ. ನೋವಿನ ನರಗಳು ಈ ಪೊರೆಯಲ್ಲಿ ದಟ್ಟವಾಗಿ ಹರಡಿವೆ. ಪೆಟ್ಟು ಬಿದ್ದಾಗ ಜೀವ ಹೋಗುವಷ್ಟು ನೋಯುವುದು ಮೂಳೆಗಿಂತ ಮೊದಲು ಈ ಪೊರೆ.

ಶಿನ್ ಗಟ್ಟಿಯಾಯಿತು ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಆದರೆ ಅದರೊಳಗೆ ಮೂರು ಬೇರೆ ಬೇರೆ ಬದಲಾವಣೆಗಳಿವೆ. ನೋವು ಗೊತ್ತಾಗುವ ರೀತಿ ಬದಲಾಗುತ್ತದೆ. ಒದೆಯುವ ಕೌಶಲ ಬದಲಾಗುತ್ತದೆ. ಮೂಳೆ ಬದಲಾಗುತ್ತದೆ. ಈ ಮೂರೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಇಡೀ ವಿಷಯದ ಗುಟ್ಟು ಇರುವುದು ಇಲ್ಲೇ.

ಬೇಗ ಬದಲಾಗುವುದು ನೋವು. ವಾರಕ್ಕೆ ಎರಡು ಮೂರು ಸಲ ಬ್ಯಾಗ್‌ಗೆ ಒದ್ದರೆ ಕೆಲವೇ ವಾರಗಳಲ್ಲಿ ಅದೇ ಪೆಟ್ಟು ಅಷ್ಟು ನೋಯುವುದಿಲ್ಲ. ನರ ಸತ್ತುಹೋಗಿದ್ದರಿಂದ ಹೀಗಾಗುವುದಿಲ್ಲ. ನರ ನಿಜಕ್ಕೂ ಸತ್ತರೆ ಆ ಜಾಗ ಮರಗಟ್ಟುತ್ತದೆ, ಅದು ಗಾಯ. ಇಲ್ಲಿ ಆಗುವುದು ಬೇರೆ. ಈ ಪೆಟ್ಟು ಗೊತ್ತಿರುವ ಪೆಟ್ಟು, ಇದರಿಂದ ಅಪಾಯವಿಲ್ಲ ಎಂದು ಮಿದುಳು ಕಲಿಯುತ್ತದೆ. ಹಾಗಾಗಿ ನೋವಿನ ದನಿಯನ್ನು ತಗ್ಗಿಸುತ್ತದೆ.

ಮೂಳೆಯ ಕಥೆ ನಿಧಾನದ್ದು. ಮೂಳೆಯನ್ನು ನಾವು ಕಲ್ಲಿನ ಹಾಗೆ ಅಂದುಕೊಂಡಿರುತ್ತೇವೆ. ನಿಜಕ್ಕೂ ಅದು ದಿನವೂ ತನ್ನನ್ನು ತಾನು ಒಡೆದು ಕಟ್ಟಿಕೊಳ್ಳುತ್ತಿರುವ ಜೀವಂತ ವಸ್ತು. ಯಾವ ಕಡೆಯಿಂದ ಭಾರ ಬೀಳುತ್ತದೋ ಅದಕ್ಕೆ ತಕ್ಕಂತೆ ಮೂಳೆ ತನ್ನ ರಚನೆ ಬದಲಿಸಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೊಲ್ಫ್ 1892ರಲ್ಲಿ ವಿವರವಾಗಿ ಬರೆದರು. ಇಂದಿಗೂ ಅದನ್ನು ವೊಲ್ಫ್‌ನ ನಿಯಮ ಅನ್ನುತ್ತಾರೆ. ಚಿಕ್ಕಂದಿನಿಂದ ಟೆನಿಸ್ ಆಡಿದವರಲ್ಲಿ ರ‍್ಯಾಕೆಟ್ ಹಿಡಿಯುವ ಕೈಯ ಮೂಳೆ ಇನ್ನೊಂದು ಕೈಗಿಂತ ದಪ್ಪವಾಗಿರುತ್ತದೆ. ಬಾಹ್ಯಾಕಾಶದಲ್ಲಿ ಭಾರವೇ ಇಲ್ಲ. ಹಾಗಾಗಿ ಅಲ್ಲಿ ತಿಂಗಳುಗಟ್ಟಲೆ ಇರುವವರ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತದೆ. ಕೆಲಸ ಕೊಟ್ಟರೆ ಮೂಳೆ ಬೆಳೆಯುತ್ತದೆ, ಕೊಡದಿದ್ದರೆ ಕರಗುತ್ತದೆ.

ಈ ಕೆಲಸ ನಡೆಯುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೂಳೆಯೊಳಗೆ ಆಸ್ಟಿಯೋಸೈಟ್ ಎಂಬ ಜೀವಕೋಶಗಳು ಹುದುಗಿಕೊಂಡಿವೆ. ಭಾರ ಬಿದ್ದು ಮೂಳೆ ಕೂದಲೆಳೆಯಷ್ಟು ಬಾಗಿದಾಗ ಸುತ್ತಲಿನ ಸಣ್ಣ ಕಾಲುವೆಗಳಲ್ಲಿ ದ್ರವ ಅಲುಗಾಡುತ್ತದೆ. ಈ ಕೋಶಗಳಿಗೆ ಅದು ತಿಳಿಯುತ್ತದೆ. ಅವು ಸುದ್ದಿ ಕಳಿಸುತ್ತವೆ. ಹಾನಿಯಾದ ಜಾಗಕ್ಕೆ ಮೊದಲು ಬರುವವು ಆಸ್ಟಿಯೋಕ್ಲಾಸ್ಟ್‌ಗಳು. ಹಳೆಯ ಮೂಳೆಯನ್ನು ಕೆರೆದು ತೆಗೆಯುವುದು ಇವುಗಳ ಕೆಲಸ. ಅದಕ್ಕೆ ಸುಮಾರು ಮೂರು ವಾರ ಬೇಕು. ಆಮೇಲೆ ಆಸ್ಟಿಯೋಬ್ಲಾಸ್ಟ್‌ಗಳು ಬಂದು ಹೊಸ ಮೂಳೆ ತುಂಬುತ್ತವೆ. ಇದಕ್ಕೆ ಮೂರು ತಿಂಗಳಾದರೂ ಬೇಕು. ತುಂಬಿದ ಮೇಲೂ ಖನಿಜ ಸೇರಿಕೊಂಡು ಪೂರ್ತಿ ಬಲಿಯಲು ಇನ್ನೂ ಹಲವು ತಿಂಗಳು ಹಿಡಿಯುತ್ತದೆ.

ಗಮನಿಸಿದಿರಾ? ಕೆರೆಯುವ ಕೆಲಸ ಮೊದಲು, ಕಟ್ಟುವ ಕೆಲಸ ಆಮೇಲೆ. ಮನೆ ರಿಪೇರಿಯಲ್ಲಿ ಹಳೆಯ ಗಾರೆ ಕಿತ್ತು ಹೊಸದು ಮೆತ್ತುವ ನಡುವೆ ಗೋಡೆ ಬೋಳಾಗಿರುತ್ತದಲ್ಲ, ಹಾಗೆ. ಈ ನಡುವಿನ ವಾರಗಳಲ್ಲಿ ಆ ಜಾಗ ಮೊದಲಿಗಿಂತ ಸ್ವಲ್ಪ ದುರ್ಬಲವಾಗಿಯೇ ಇರುತ್ತದೆ. ಸೇನೆಗೆ ಹೊಸದಾಗಿ ಸೇರಿದವರಿಗೆ ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಬರುವುದು ಹೆಚ್ಚಾಗಿ ತರಬೇತಿಯ ಮೊದಲ ಕೆಲವು ವಾರಗಳಲ್ಲೇ. ಕಾರಣ ಇದೇ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆರನೇ ವಾರಕ್ಕೆ ನೋವು ಅರ್ಧಕ್ಕರ್ಧ ಇಳಿದಿದೆ. ಕಲಿಯುವವರಿಗೆ ಹುರುಪು ಬಂದಿದೆ. ಇನ್ನೂ ಜೋರಾಗಿ ಒದೆಯೋಣ, ಮರಳು ತುಂಬಿದ ಗಟ್ಟಿ ಬ್ಯಾಗ್‌ಗೆ ಹೋಗೋಣ ಅನ್ನಿಸುತ್ತದೆ. ಒಳಗೆ ಮೂಳೆ ಮಾತ್ರ ಇನ್ನೂ ಅರ್ಧ ಕಿತ್ತುಹಾಕಿದ ಗೋಡೆ. ನೋವು ಹೋಯಿತು ಅಂದರೆ ಮೂಳೆ ತಯಾರಾಯಿತು ಅಂತ ಅರ್ಥವಲ್ಲ. ನೀವು ಈ ಲೇಖನದಿಂದ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಸಣ್ಣ ಬಿರುಕು ಬಿಟ್ಟು ಕೂಡಿದ ಮೂಳೆ ಮೊದಲಿಗಿಂತ ಗಟ್ಟಿ ಎಂಬ ಮಾತು ಬಹಳ ಹಳೆಯದು. ಇದರಲ್ಲಿ ಎಳೆಯಷ್ಟು ಸತ್ಯವಿದೆ. ಮುರಿದ ಮೂಳೆ ಕೂಡುವಾಗ ಸುತ್ತ ಗಂಟಿನಂತೆ ಹೆಚ್ಚುವರಿ ಮೂಳೆ ಬೆಳೆಯುತ್ತದೆ. ಆದರೆ ಕಾಲ ಕಳೆದಂತೆ ದೇಹ ಅದನ್ನು ಕೆತ್ತಿ ಹಳೆಯ ಆಕಾರಕ್ಕೇ ತರುತ್ತದೆ. ಬೇಕೆಂದೇ ಬಿರುಕು ಮಾಡಿಕೊಂಡು ಗಳಿಸುವುದು ಏನೂ ಇಲ್ಲ. ಮೂಳೆಗೆ ಬೇಕಾದದ್ದು ಬಾಗುವಷ್ಟು ಭಾರ ಮತ್ತು ಆಮೇಲೆ ಸಮಯ.

ಬಾಟಲಿ ಉರುಳಿಸುವುದು ಯಾಕೆ ಕೆಲಸ ಮಾಡುವುದಿಲ್ಲ ಎಂದು ಇಲ್ಲೇ ಗೊತ್ತಾಗುತ್ತದೆ. ಬಾಟಲಿ ಒತ್ತಿ ಉಜ್ಜಿದರೆ ಮೂಳೆ ಬಾಗುವುದಿಲ್ಲ. ಹಾಗಾಗಿ ಬೆಳೆಯಬೇಕು ಎನ್ನುವ ಸುದ್ದಿ ಒಳಗಿನ ಕೋಶಗಳಿಗೆ ಹೋಗುವುದೇ ಇಲ್ಲ. ಜಜ್ಜಿಹೋಗುವುದು ಮೇಲಿನ ಪೊರೆ. ನಾನು ಕಲಿಯಲು ಶುರು ಮಾಡಿದ ಹೊಸತರಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರ ಮಾತು ಕೇಳಿ ಎರಡು ವಾರ ದಿನವೂ ಗಾಜಿನ ಬಾಟಲಿ ಉರುಳಿಸಿದ್ದೆ. ಬಂದದ್ದು ಮೂಳೆಯ ಮೇಲೊಂದು ಗಂಟು. ಅದನ್ನು ಮುಟ್ಟಿದರೆ ಸಾಕು, ಕಾಲು ಸೆಳೆದುಕೊಳ್ಳುವಷ್ಟು ನೋವು. ಅದು ಹೋಗಲು ತಿಂಗಳುಗಳೇ ಬೇಕಾದವು. ಅಷ್ಟು ದಿನ ಬ್ಯಾಗ್‌ಗೆ ಒದೆಯಲಾಗಲಿಲ್ಲ. ಕೋಲಿನಿಂದ ತಟ್ಟುವುದೂ ಹೆಚ್ಚುಕಡಿಮೆ ಇದೇ.

ಥಾಯ್ಲೆಂಡಿನಲ್ಲಿ ಮರಕ್ಕೆ ಒದ್ದು ಕಾಲು ಗಟ್ಟಿ ಮಾಡಿಕೊಳ್ಳುತ್ತಿದ್ದರಲ್ಲ ಎಂದು ಕೆಲವರು ಕೇಳುತ್ತಾರೆ. ಅವರು ಒದೆಯುತ್ತಿದ್ದದ್ದು ಬಾಳೆಗೆ. ಬಾಳೆ ಮರವೇ ಅಲ್ಲ. ಎಲೆಯ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡು ಆದ, ನೀರು ತುಂಬಿದ ಮೆತ್ತನೆಯ ದಿಂಡು ಅದು. ಒದ್ದರೆ ತಗ್ಗಾಗುತ್ತದೆ, ಕೊನೆಗೆ ಮುರಿದು ಬೀಳುತ್ತದೆ. ಬ್ಯಾಗ್ ಇಲ್ಲದ ಕಾಲದಲ್ಲಿ ಅದೇ ಒಳ್ಳೆಯ ಬ್ಯಾಗ್ ಆಗಿತ್ತು. ಅದನ್ನು ನೋಡಿ ಕಾಂಕ್ರೀಟ್ ಕಂಬಕ್ಕೋ ಗಟ್ಟಿ ಮರಕ್ಕೋ ಒದೆಯುವುದು ಅಪಾರ್ಥ. ಇಂದು ಅಲ್ಲಿನ ಕ್ಯಾಂಪ್‌ಗಳಲ್ಲಿ ಶಿನ್ ತಯಾರಾಗುವುದು ಹೆವಿ ಬ್ಯಾಗ್ ಮತ್ತು ಪ್ಯಾಡ್‌ಗಳ ಮೇಲೆ, ವರ್ಷಗಟ್ಟಲೆ. ಅಲ್ಲಿನ ಹೋರಾಟಗಾರರು ಬಹಳ ಮಂದಿ ಚಿಕ್ಕ ವಯಸ್ಸಿನಿಂದಲೇ ಒದೆಯುತ್ತಾ ಬಂದವರು. ಅವರ ಕಾಲು ನೋಡಿ ಆರು ತಿಂಗಳಲ್ಲಿ ಹಾಗಾಗಬೇಕು ಅಂದರೆ ಆಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಮೊದಲ ಎರಡು ಮೂರು ತಿಂಗಳು ಶಿನ್ ಗಟ್ಟಿ ಮಾಡುವ ಯೋಚನೆಯನ್ನೇ ಬಿಟ್ಟು ಸರಿಯಾಗಿ ಒದೆಯುವುದನ್ನು ಕಲಿಯಿರಿ. ಬ್ಯಾಗ್ ಮೆತ್ತಗಿರಲಿ. ಬಟ್ಟೆ ಚೂರು ತುಂಬಿದ ಬ್ಯಾಗ್ ಒಳ್ಳೆಯದು. ಬ್ಯಾಗ್‌ನ ವಿಷಯದಲ್ಲಿ ಒಂದು ಎಚ್ಚರ. ಹಳೆಯ ಬ್ಯಾಗ್‌ನಲ್ಲಿ ತುಂಬಿದ್ದೆಲ್ಲ ಕೆಳಗೆ ಇಳಿದು ಗಟ್ಟಿಯಾಗಿ ಕೂತಿರುತ್ತದೆ, ಮೇಲೆ ಮೆತ್ತಗಿರುತ್ತದೆ. ಲೋ ಕಿಕ್ (ಎದುರಾಳಿಯ ಕಾಲಿಗೆ ಹಾಕುವ ಒದೆ) ಅಭ್ಯಾಸ ಮಾಡುವುದು ಆ ಕೆಳಭಾಗಕ್ಕೇ. ಹೊಸಬರು ಗೊತ್ತಿಲ್ಲದೆ ಹೋಗಿ ಅದಕ್ಕೇ ಒದೆಯುತ್ತಾರೆ. ಒದೆಯುವ ಮೊದಲು ಕೈಯಿಂದ ಒತ್ತಿ ನೋಡಿ, ಎಲ್ಲಿ ಮೆತ್ತಗಿದೆಯೋ ಅಲ್ಲಿ ಒದೆಯಿರಿ.

ವಾರಕ್ಕೆ ಎರಡು ದಿನ, ಒಂದೊಂದು ಕಾಲಿಗೆ ಇಪ್ಪತ್ತು ಮೂವತ್ತು ಒದೆ, ಅರ್ಧ ಬಲದಲ್ಲಿ. ಶುರುವಿಗೆ ಇಷ್ಟು ಸಾಕು. ಎರಡು ದಿನಗಳ ನಡುವೆ ಕನಿಷ್ಠ 48 ಗಂಟೆ ಬಿಡಿ. ನೋವು ಹಿಡಿತದಲ್ಲಿದ್ದರೆ ವಾರಕ್ಕೆ ಹತ್ತು ಶೇಕಡಾದಷ್ಟು ಮಾತ್ರ ಹೆಚ್ಚಿಸಿ. ಹೆಚ್ಚಿಸುವಾಗ ಮೊದಲು ಸಂಖ್ಯೆ, ಆಮೇಲೆ ಬಲ. ಎರಡನ್ನೂ ಒಂದೇ ವಾರ ಏರಿಸಬೇಡಿ. ಮೂರು ವಾರ ಏರಿಸಿ ನಾಲ್ಕನೇ ವಾರ ಇಳಿಸುವುದು ನನಗೆ ಬಹಳ ಹಿಡಿಸಿದ ಕ್ರಮ. ಗಟ್ಟಿ ಬ್ಯಾಗ್‌ನ ಮಾತು ಆರು ತಿಂಗಳಾದ ಮೇಲೆ, ಅದೂ ಕೋಚ್ ನೋಡಿ ಸರಿ ಅಂದ ಮೇಲೆ.

ಇಷ್ಟು ಕಡಿಮೆ ಸಾಕಾ ಎಂದು ಅನುಮಾನ ಬರಬಹುದು. ಇದಕ್ಕೊಂದು ಒಳ್ಳೆಯ ಕಾರಣವಿದೆ. ಮೂಳೆಯ ಕೋಶಗಳು ಬೇಗ ಕಿವಿ ಮುಚ್ಚಿಕೊಳ್ಳುತ್ತವೆ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಕಂಡಿದೆ. ಒಂದೇ ಸಮ ಭಾರ ಹಾಕುತ್ತಾ ಹೋದರೆ ಮೊದಲ ಕೆಲವು ಹತ್ತು ಸಲಕ್ಕೆ ಕೋಶಗಳು ಸ್ಪಂದಿಸುತ್ತವೆ. ಆಮೇಲೆ ಬೀಳುವ ಭಾರದಿಂದ ಹೆಚ್ಚೇನೂ ಲಾಭವಿಲ್ಲ. ಕೆಲವು ಗಂಟೆ ಬಿಟ್ಟರೆ ಕಿವಿ ಮತ್ತೆ ತೆರೆಯುತ್ತದೆ. ಹಾಗಾಗಿ ಒಂದೇ ಸಂಜೆ ಮುನ್ನೂರು ಸಲ ಒದೆಯುವುದರಿಂದ ಕೌಶಲವೋ ದಮ್ಮೋ ಬೆಳೆಯಬಹುದು. ಮೂಳೆಗೆ ಸಿಗುವುದು ಸವೆತ ಜಾಸ್ತಿ, ಲಾಭ ಕಡಿಮೆ.

ಸ್ಕಿಪ್ಪಿಂಗ್, ಓಟ, ಸ್ಕ್ವಾಟ್, ಸಣ್ಣ ಜಿಗಿತ, ಇವೆಲ್ಲವೂ ಟಿಬಿಯಾಗೆ ಭಾರ ಹಾಕುತ್ತವೆ. ಮೂಳೆ ಬಲಿಯುವುದರಲ್ಲಿ ಇವುಗಳ ಪಾಲು ದೊಡ್ಡದು. ನನ್ನ ಪ್ರಕಾರ ಹೊಸಬರಿಗೆ ಬ್ಯಾಗ್‌ಗಿಂತ ಸ್ಕಿಪ್ಪಿಂಗ್ ಹಗ್ಗವೇ ಮೊದಲ ಶಿನ್ ಕಂಡೀಷನಿಂಗ್ (ಗಟ್ಟಿ ಮಾಡುವ ಅಭ್ಯಾಸ). ಮೀನಖಂಡ ಮತ್ತು ಶಿನ್ ಪಕ್ಕದ ಮಾಂಸ ಬಲವಾಗಿದ್ದರೆ ಮೂಳೆಯ ಮೇಲಿನ ಒತ್ತಡವೂ ಹಂಚಿಹೋಗುತ್ತದೆ. ಹಿಮ್ಮಡಿ ಎತ್ತಿ ಇಳಿಸುವುದು, ಗೋಡೆಗೆ ಒರಗಿ ನಿಂತು ಪಾದದ ಮುಂಭಾಗ ಎತ್ತಿ ಇಳಿಸುವುದು, ಎರಡನ್ನೂ ಮಾಡಿ. ಆದರೆ ಓಟ, ಜಿಗಿತ, ಬ್ಯಾಗ್ ಮೂರನ್ನೂ ಒಟ್ಟಿಗೆ ಏರಿಸಿದರೆ ಮೂಳೆಗೆ ಲೆಕ್ಕ ಒಂದೇ. ಅದು ಎಲ್ಲವನ್ನೂ ಕೂಡಿಸಿಕೊಳ್ಳುತ್ತದೆ.

ಈಗ ಕೌಶಲದ ಮಾತು. 2013ರ ಡಿಸೆಂಬರ್ 28ರಂದು ಯುಎಫ್‌ಸಿ 168 ಎಂಬ ಎಂಎಂಎ ಪಂದ್ಯಾವಳಿಯಲ್ಲಿ ಆಂಡರ್ಸನ್ ಸಿಲ್ವಾ ಒದ್ದ ಲೋ ಕಿಕ್ ಅನ್ನು ಕ್ರಿಸ್ ವೈಡ್‌ಮನ್ ಮಂಡಿ ಎತ್ತಿ ಚೆಕ್ ಮಾಡಿದರು, ಅಂದರೆ ಎತ್ತಿದ ಕಾಲಿನಿಂದ ತಡೆದರು. ಸಿಲ್ವಾ ಅವರ ಎಡ ಕಣಕಾಲಿನ ಎರಡೂ ಮೂಳೆ ಮುರಿದವು. 2021ರ ಏಪ್ರಿಲ್ 24ರಂದು ಯುಎಫ್‌ಸಿ 261ರಲ್ಲಿ ಅದೇ ವೈಡ್‌ಮನ್ ಉರಾಯಾ ಹಾಲ್ ಅವರಿಗೆ ಒದ್ದರು. ಹಾಲ್ ಚೆಕ್ ಮಾಡಿದರು. ಪಂದ್ಯ ಶುರುವಾಗಿ 17 ಸೆಕೆಂಡಿಗೆ ವೈಡ್‌ಮನ್ ಕಾಲು ಮುರಿಯಿತು. 2014ರ ಏಪ್ರಿಲ್‌ನಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಗ್ಲೋರಿ ಕಿಕ್ ಬಾಕ್ಸಿಂಗ್ ಪಂದ್ಯದಲ್ಲಿ ಟೈರೋನ್ ಸ್ಪಾಂಗ್ ಅವರಿಗೂ ಹೀಗೇ ಆಯಿತು. ಇವರೆಲ್ಲ ವರ್ಷಗಟ್ಟಲೆ ಒದ್ದು ಪಳಗಿದ ಕಾಲಿನವರು. ಗಟ್ಟಿ ಶಿನ್ ಇದ್ದರೆ ಮುರಿಯುವುದೇ ಇಲ್ಲ ಎಂದು ಯಾರೂ ಭರವಸೆ ಕೊಡಲಾಗದು.

ಟಿಬಿಯಾ ಮೇಲೆ ದಪ್ಪಗಿದ್ದು ಕೆಳಗೆ ಹೋದಂತೆ ಸಣ್ಣಗಾಗುತ್ತದೆ. ನಡುಭಾಗ ಮುಗಿದು ಕೆಳಭಾಗ ಶುರುವಾಗುವ ಕಡೆ ಅದು ಬಹಳ ತೆಳು. ಅಲ್ಲಿ ರಕ್ತದ ಹರಿವೂ ಕಡಿಮೆ. ಚೆಕ್ ಮಾಡುವವರು ಎದುರಿಗೆ ಇಡುವುದು ಮಂಡಿಯ ಕೆಳಗಿನ ದಪ್ಪ ಭಾಗವನ್ನು. ಒದೆಯುವವರ ತೆಳು ಜಾಗ ಪೂರ್ತಿ ಬಲದಲ್ಲಿ ಅವರ ದಪ್ಪ ಜಾಗಕ್ಕೆ ಬಡಿದರೆ ಯಾರದು ಮುರಿಯುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಆದ್ದರಿಂದ ಪಾದದ ಮೇಲ್ಭಾಗದಿಂದಲೋ ಗಿಣ್ಣಿನ ಹತ್ತಿರದಿಂದಲೋ ಒದೆಯದೆ, ಶಿನ್‌ನ ನಡುಭಾಗ ತಾಗುವಷ್ಟು ಹತ್ತಿರ ಹೋಗಿ ಒದೆಯಬೇಕು. ನಿಂತ ಕಾಲಿನ ಹಿಮ್ಮಡಿ ತಿರುಗಬೇಕು, ಸೊಂಟ ತಿರುಗಬೇಕು. ಗುರಿ ಮಂಡಿಗಿಂತ ಮೇಲೆ, ತೊಡೆಯ ಮಾಂಸಕ್ಕೆ. ಎದುರಾಳಿಯ ಭಾರ ಮುಂಗಾಲಿನ ಮೇಲಿದ್ದಾಗ ಅವರು ಅದನ್ನು ಎತ್ತಿ ಚೆಕ್ ಮಾಡಲಾರರು. ಅದಕ್ಕೇ ಮೊದಲು ಕೈಯಿಂದ ಒಂದೆರಡು ಪಂಚ್ ಹಾಕಿ, ಅವರು ಕಾಲೂರಿ ನಿಂತಾಗ ಒದೆಯುವುದು. ಕಾಲನ್ನು ಕಾಪಾಡುವುದರಲ್ಲಿ ಈ ಸಮಯಪ್ರಜ್ಞೆಗೆ ಇರುವ ಬೆಲೆ ಯಾವ ಕಂಡೀಷನಿಂಗ್‌ಗೂ ಇಲ್ಲ ಎಂದು ನಾನು ನಂಬಿದ್ದೇನೆ. ಸ್ಪಾರಿಂಗ್‌ನಲ್ಲಿ (ಜೊತೆಗಾರರೊಂದಿಗಿನ ಅಭ್ಯಾಸದ ಕಾದಾಟದಲ್ಲಿ) ಶಿನ್ ಗಾರ್ಡ್ ಇಲ್ಲದೆ ಒದೆಯಬೇಡಿ. ಅದು ನಿಮ್ಮ ಕಾಲಿಗೆ ಮಾತ್ರವಲ್ಲ, ಜೊತೆಗಾರರ ಕಾಲಿಗೂ ಬೇಕು.

ಅಭ್ಯಾಸ ಮುಗಿದ ಮೇಲೆ ಬಾವು ಬಂದಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಡಿ, ಕಾಲು ಮೇಲೆ ಎತ್ತಿ ಮಲಗಿ. ಹೊಸ ನೀಲಿ ಬಾವನ್ನು ಮಾತ್ರ ಜೋರಾಗಿ ಉಜ್ಜಬೇಡಿ, ಒಳಗೆ ರಕ್ತ ಇನ್ನಷ್ಟು ಸೋರುತ್ತದೆ. ಖಾರವಾಗಿ ಉರಿಯುವ ಥಾಯ್ ಎಣ್ಣೆ ಹಚ್ಚಿದರೆ ಹಾಯೆನಿಸುತ್ತದೆ, ನಿಜ. ಅದರಲ್ಲಿರುವುದು ಮೆಂಥಾಲ್, ಮಿಥೈಲ್ ಸ್ಯಾಲಿಸಿಲೇಟ್‌ನಂಥ ವಸ್ತುಗಳು. ಅವು ನೋವನ್ನು ಮರೆಸುತ್ತವೆ, ಮೂಳೆಗೆ ಏನೂ ಕೊಡುವುದಿಲ್ಲ. ತರಚಿದ ಚರ್ಮಕ್ಕೆ ಹಚ್ಚಬಾರದು. ನೋವಿನ ಮಾತ್ರೆ ನುಂಗಿ ಬ್ಯಾಗ್ ಮುಂದೆ ನಿಲ್ಲುವುದಂತೂ ಬೇಡವೇ ಬೇಡ. ನೋವು ಹೇಳುವ ಸುದ್ದಿಯೇ ಸಿಗದಿದ್ದರೆ ನಿಲ್ಲಿಸಬೇಕಾದದ್ದು ಯಾವಾಗ ಎಂದು ಹೇಗೆ ಗೊತ್ತಾಗಬೇಕು? ಮೂಳೆ ಕಟ್ಟಲು ಸಾಮಾನು ಬೇಕು. ದೊಡ್ಡವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ, ಸಾಕಷ್ಟು ಪ್ರೊಟೀನ್, ವಿಟಮಿನ್ ಡಿ, ನಿದ್ದೆ ಬೇಕು. ತೂಕದ ವರ್ಗಕ್ಕಾಗಿ ಊಟ ಬಿಟ್ಟು ಒದೆಯುವವರ ಮೂಳೆ ಬೇಗ ಸೋಲುತ್ತದೆ. ಹೆಣ್ಣುಮಕ್ಕಳಲ್ಲಿ ಕಡಿಮೆ ಊಟ, ಹೆಚ್ಚು ತರಬೇತಿಯಿಂದ ಮುಟ್ಟು ನಿಂತಿದ್ದರೆ ಅದು ಮೂಳೆಗೂ ಅಪಾಯದ ಗಂಟೆ. ಮೊದಲು ವೈದ್ಯರನ್ನು ನೋಡಬೇಕು.

ಯಾವ ನೋವಿಗೆ ನಿಲ್ಲಿಸಬೇಕು? ಇಡೀ ಶಿನ್ ಮೇಲೆ ಹರಡಿಕೊಂಡು, ಒಂದೆರಡು ದಿನಕ್ಕೆ ಇಳಿದುಹೋಗುವ ನೋವು ಸಾಮಾನ್ಯ. ಬೆರಳ ತುದಿಯಿಂದ ತೋರಿಸಬಹುದಾದ ಒಂದೇ ಜಾಗದಲ್ಲಿ ನೋಯುತ್ತಿದ್ದರೆ ಅದು ಬೇರೆ ಜಾತಿಯದು. ರಾತ್ರಿ ಸುಮ್ನೆ ಮಲಗಿದ್ದಾಗಲೂ ನೋವು, ಒಂಟಿಕಾಲಲ್ಲಿ ಜಿಗಿದರೆ ಚುಚ್ಚಿದ ಹಾಗೆ ಅನ್ನಿಸುವುದು, ದಿನೇದಿನೇ ಹೆಚ್ಚುವುದು, ಇವು ಬಿರುಕಿನ ಗುರುತುಗಳು. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಎಕ್ಸ್‌ರೇ ಚೆನ್ನಾಗಿದೆ ಎಂದು ಮತ್ತೆ ಒದೆಯಲು ಹೋಗಿ ಪೂರ್ತಿ ಮುರಿದುಕೊಳ್ಳಬೇಡಿ. ಎಂಆರ್‌ಐನಲ್ಲಿ ಅದು ಕಾಣುತ್ತದೆ.

ಇನ್ನೊಂದಿದೆ, ಅದು ಅಪರೂಪ, ಆದರೆ ಗೊತ್ತಿರಲೇಬೇಕು. ಕಣಕಾಲಿನ ಮಾಂಸಖಂಡಗಳು ಹಿಗ್ಗದ ಪೊರೆಯಿಂದಾದ ನಾಲ್ಕು ಕೋಣೆಗಳಲ್ಲಿವೆ. ಜೋರು ಪೆಟ್ಟಿಗೆ ಒಂದು ಕೋಣೆಯೊಳಗೆ ರಕ್ತವೋ ಬಾವೋ ತುಂಬಿದರೆ ಒತ್ತಡ ಏರಿ ರಕ್ತದ ಓಡಾಟ ನಿಲ್ಲುತ್ತದೆ. ಪೆಟ್ಟಿಗೆ ಮೀರಿದ ನೋವು, ಹೊತ್ತು ಹೋದಂತೆ ಏರುವ ನೋವು, ಕಾಲು ಕಲ್ಲಿನಂತೆ ಬಿಗಿಯುವುದು, ಬೆರಳು ಮಡಿಸಿ ಬಿಡಿಸಿದರೆ ಪ್ರಾಣ ಹೋಗುವ ಹಾಗಾಗುವುದು, ಪಾದ ಜೋಮು ಹಿಡಿಯುವುದು ಇದರ ಲಕ್ಷಣ. ಆಗ ಐಸ್ ಇಟ್ಟು ಬೆಳಗಿನವರೆಗೆ ಕಾಯಬಾರದು. ಆರು ಗಂಟೆ ಮೀರಿದರೆ ಮಾಂಸ ಮತ್ತೆ ಸರಿಯಾಗದಷ್ಟು ಕೆಡಬಹುದು. ನೇರ ತುರ್ತು ಚಿಕಿತ್ಸೆಗೆ ಹೋಗಿ.

ಮಕ್ಕಳಿಗೆ ಈ ಗಟ್ಟಿ ಮಾಡುವ ಅಭ್ಯಾಸವೇ ಬೇಡ. ಉದ್ದ ಬೆಳೆಯುವ ಮೃದುವಾದ ಭಾಗ ಅವರ ಮೂಳೆಯ ತುದಿಗಳಲ್ಲಿ ಇನ್ನೂ ತೆರೆದಿರುತ್ತದೆ. ಹುಡುಗಿಯರಲ್ಲಿ ಸುಮಾರು 14ರಿಂದ 16, ಹುಡುಗರಲ್ಲಿ 16ರಿಂದ 18ರ ಹೊತ್ತಿಗೆ ಅದು ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಮೆತ್ತನೆ ಪ್ಯಾಡ್, ಶಿನ್ ಗಾರ್ಡ್, ಆಟ, ಜಿಗಿತ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಮೂಳೆ ಸವೆತ ಇರುವವರು, ಬಹಳ ದಿನ ಸ್ಟೀರಾಯ್ಡ್ ತಗೊಂಡವರು, ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿಯುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಬಿಟ್ಟು ಮತ್ತೆ ಬರುವವರಿಗೆ ಒಂದು ಮಾತು. ಎರಡು ಮೂರು ತಿಂಗಳು ಅಭ್ಯಾಸ ತಪ್ಪಿದರೆ ನೋವು ತಡೆಯುವ ಶಕ್ತಿ ಬಹಳಷ್ಟು ಇಳಿದಿರುತ್ತದೆ. ಮೊದಲ ದಿನದ ಒದೆ ಹೊಸಬರಿಗೆ ನೋಯುವ ಹಾಗೆಯೇ ನೋಯುತ್ತದೆ. ಎಲ್ಲಾ ಹೋಯಿತಲ್ಲ ಎಂದು ಎದೆಗುಂದಬೇಡಿ. ಬೇಗ ಬಂದದ್ದು ಬೇಗ ಹೋಗಿದೆ, ಅಷ್ಟೇ. ಓಡಾಡಿಕೊಂಡಿದ್ದವರಿಗೆ ನಿಧಾನವಾಗಿ ಕಟ್ಟಿದ ಮೂಳೆ ಅಷ್ಟು ಬೇಗ ಕರಗುವುದಿಲ್ಲ. ಬಿಟ್ಟಾಗ ಎಷ್ಟು ಒದೆಯುತ್ತಿದ್ದಿರೋ ಅದರ ಅರ್ಧದಿಂದ, ಮೆತ್ತನೆ ಬ್ಯಾಗ್‌ನಿಂದ ಮತ್ತೆ ಶುರು ಮಾಡಿ.